ಮೋಟಾರಿನ ಇಂಜೆಕ್ಟರೂ ನಮ್ಮ ಅಡತಿ ಅಂಗಡಿಯ ಲೆಕ್ಕವೂ

ಈ ಮಾಸಿಕದಲ್ಲಿ ವ್ರತ-ನಿಯಮಗಳ ಬಗ್ಗೆ, ಯಾತ್ರೆಗಳ ಬಗ್ಗೆ, ವ್ಯಾಪಾರದ ಏರಿಳಿತಗಳ ಬಗ್ಗೆ ಬರೆಯುವವರು ಅನೇಕರಿದ್ದಾರೆ. ಮೋಟಾರಿನ ಎಂಜಿನ್ನಿನ ಬಗ್ಗೆ ಬರೆದವರನ್ನು ನಾವು ಕಂಡಿಲ್ಲ. ನಾವೂ ಬರೆಯುವವರಲ್ಲ. ಆದರೆ ಇತ್ತೀಚೆಗೆ ಒಂದು ಮದುವೆಯಲ್ಲಿ ಸೊಲ್ಲಾಪುರದ ಬೀಗರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮಗನೂ ಕಾರಿಗೆ ಟರ್ಬೊ ಹಾಕಿಸುತ್ತೇನೆಂದು ಹಟ ಹಿಡಿದಿದ್ದಾನಂತೆ. "ನಿಮ್ಮ ಮನ್ಯಾಗ ಏನೇನ ಆತು, ಖರೇ ಹೇಳ್ರಿ" ಎಂದು ಕೇಳಿದರು. ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಮೂವರು ಅಣ್ಣತಮ್ಮಂದಿರು. ಜತ್ತದಲ್ಲಿ ನಮ್ಮದು ಅಡತಿ ಅಂಗಡಿ. ಜೋಳ, ತೊಗರಿ, ಕಡಲೆ ಮೊದಲಿನಿಂದಲೂ ಇತ್ತು. ಈಚಿನ ವರ್ಷಗಳಲ್ಲಿ ಒಣದ್ರಾಕ್ಷಿಯೂ ಸೇರಿದೆ. ಹಿರಿಯಣ್ಣ ಕಿರ್ದಿ-ಖಾತೆ ನೋಡುತ್ತಾರೆ, ನಡುವಿನವರು ಖರೀದಿಗೆ ಓಡಾಡುತ್ತಾರೆ, ಕಿರಿಯವರು ಗೋದಾಮು ಮತ್ತು ಲಾರಿಗಳ ಉಸ್ತುವಾರಿ. ಮೋಟಾರಿನ ಹುಚ್ಚು ಹಿಡಿದವನು ನಡುವಿನವರ ಮಗ. ಸಾಂಗಲಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ.

ಕಾರು ನಮ್ಮ ತಂದೆಯವರದು. 2002ರಲ್ಲಿ ಕೊಂಡ ಮಾರುತಿ ಎಸ್ಟೀಮ್. ನಾಲ್ಕು ಸಿಲಿಂಡರು, 1298 ಸಿ.ಸಿ., ಹದಿನಾರು ವಾಲ್ವು, 85 ಅಶ್ವಶಕ್ತಿ. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂದ ಕಾಲದ ಗಾಡಿ. ತಂದೆಯವರು ಅದರಲ್ಲಿ ಕುಂಭೋಜಕ್ಕೂ ಶ್ರವಣಬೆಳ್ಗೊಳಕ್ಕೂ ಹೋಗಿಬಂದವರು. ಅವರು ತೀರಿಹೋದ ಮೇಲೆ ಅದು ಗೋದಾಮಿನ ಮೂಲೆಯಲ್ಲಿ ಗೋಣಿತಟ್ಟು ಹೊದ್ದುಕೊಂಡು ನಿಂತಿತ್ತು. ಮಾರಲು ಅವ್ವನ ಮನಸ್ಸು ಒಪ್ಪಲಿಲ್ಲ. 2021ರಲ್ಲಿ ಹುಡುಗ, "ದೊಡ್ಡಪ್ಪಾ, ಅಜ್ಜನ ಗಾಡಿ ನನಗ ಕೊಡ್ರಿ, ನಾ ಚಾಲೂ ಮಾಡತೀನಿ" ಎಂದಾಗ ನಮಗೆ ಸಂತೋಷವೇ ಆಯಿತು. ಚಾಲೂ ಮಾಡಿದ. ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಟರ್ಬೊ ಒಂದನ್ನು ಎಲ್ಲಿಂದಲೋ ತಂದು, ಕೊಳವೆ ಬೆಸುಗೆ ಹಾಕಿಸಿ ಎಂಜಿನ್ನಿಗೆ ಕೂಡಿಸಿದ.

ತಿಳಿಯದವರಿಗಾಗಿ ಒಂದು ಮಾತು. ಎಂಜಿನ್ ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುವುದೋ ಅದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತುರುಕುವುದು ಟರ್ಬೊದ ಕೆಲಸ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಪೆಟ್ರೋಲೂ ಹೆಚ್ಚಾಗಬೇಕು. ಶುದ್ಧ ಪೆಟ್ರೋಲಾದರೆ 14.7 ತೂಕ ಗಾಳಿಗೆ 1 ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯುತ್ತದೆ. ಎಂಜಿನ್ ಭಾರ ಎಳೆಯುವಾಗ ಇನ್ನೂ ಸ್ವಲ್ಪ ಧಾರಾಳವಾಗಿ, 12ಕ್ಕೆ 1ರ ಆಸುಪಾಸು ಕೊಡಬೇಕು. ಏಕೆಂದರೆ ಪೆಟ್ರೋಲು ಉರಿಯುವುದಷ್ಟೇ ಅಲ್ಲ, ಆವಿಯಾಗುವಾಗ ಸಿಲಿಂಡರಿನ ಒಳಗನ್ನು ತಂಪೂ ಮಾಡುತ್ತದೆ. ಪೆಟ್ರೋಲು ಕಡಿಮೆ ಬಿದ್ದರೆ ಗಾಡಿ ಸುಮ್ಮನೆ ನಿಧಾನವಾಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಹಾಗಾಗುವುದಿಲ್ಲ, ಒಳಗೆ ಕಾವು ಏರುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 2022ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಮ್ಮಲ್ಲಿ ಕಿರಿಯವರೂ ಹುಡುಗನೂ ಆ ಕಾರಿನಲ್ಲಿ ವಿಜಯಪುರದ ಹಾದಿ ಹಿಡಿದರು. ಟರ್ಬೊ ಹೊಸದು, ಇಂಜೆಕ್ಟರು ಹಳೆಯವೇ. ಟ್ಯಾಂಕರ್ ಒಂದನ್ನು ಹಿಂದೆ ಹಾಕಲು ಹುಡುಗ ಪೂರ್ತಿ ಒತ್ತಿದ. ಕಬ್ಬಿಣದ ಬಾಣಲೆಯಲ್ಲಿ ಕಡಲೆ ಹುರಿದಂತೆ ಕಟಕಟ ಸದ್ದು ಬಂತು. ಮರುಕ್ಷಣವೇ ಹಿಂದೆ ಹೊಗೆ, ಎಂಜಿನ್ನಿನಲ್ಲಿ ಬಲವೇ ಇಲ್ಲ. ಗಾಡಿ ಎದುರು ಬದಿಯಲ್ಲಿದೆ, ಪಕ್ಕದಲ್ಲಿ ಟ್ಯಾಂಕರು, ಮುಂದಿನಿಂದ ಬಸ್ಸು. ಹುಡುಗ ಬಲಕ್ಕೆ ತಿರುಗಿಸಿ ರಸ್ತೆ ಇಳಿಸಿದ್ದರಿಂದ ಇಬ್ಬರೂ ಉಳಿದರು. ಗಾಲಿಗಳು ಅರ್ಧದಷ್ಟು ಎರೆಮಣ್ಣಿನ ಕೆಸರಿನಲ್ಲಿ ಹೂತಿದ್ದವು.

ಮನೆಗೆ ಬರುವಾಗ ಕತ್ತಲೆಯಾಗಿತ್ತು. ಹೊತ್ತು ಮುಳುಗಿದ ಮೇಲೆ ಅವ್ವ ಏನನ್ನೂ ಬಾಯಿಗೆ ಹಾಕುವುದಿಲ್ಲ. ಇವರಿಬ್ಬರು ಬರಲೆಂದು ಕಾಯುತ್ತ ಕುಳಿತು ಆ ದಿನ ಊಟದ ಹೊತ್ತು ಮೀರಿಸಿದ್ದಳು. ನಡೆದದ್ದನ್ನೆಲ್ಲ ಕೇಳಿ ಬೈಯಲೂ ಇಲ್ಲ, ಅಳಲೂ ಇಲ್ಲ. "ಇನ್ನ ಮ್ಯಾಲ ಆ ಗಾಡೀ ಗಾಲಿ ರಸ್ತೇಕ ತಾಗಿದ ದಿನ ನಂದು ಉಪವಾಸ" ಎಂದಳು. ಆಗ ಆಕೆಗೆ 81 ವರ್ಷ. ನಮ್ಮ ಅವ್ವ ಆಡಿದ ನಿಯಮವನ್ನು ಮುರಿದದ್ದನ್ನು ನಾವು ಕಂಡಿಲ್ಲ.

ತಪ್ಪು ಹುಡುಗನದಷ್ಟೇ ಎಂದು ಬರೆದರೆ ಸುಳ್ಳಾಗುತ್ತದೆ. ಮೋಟಾರು ವಾಹನ ಕಾಯದೆ 1988ರ 52ನೆಯ ಕಲಮಿನಂತೆ ಗಾಡಿಯ ನೋಂದಣಿ ಪುಸ್ತಕದಲ್ಲಿನ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿಯಿತು. ಅಪಘಾತವಾಗಿದ್ದರೆ ವಿಮೆಯ ಮಾತೂ ಕಷ್ಟವೇ ಇತ್ತು. ನಮ್ಮ ಲಾರಿಗಳ ಕಾಗದಪತ್ರ ಒಂದು ದಿನ ತಡವಾದರೂ ನಿದ್ದೆಗೆಡುವ ನಾವು, ಮನೆಯ ಕಾರಿನ ವಿಷಯದಲ್ಲಿ ಕೇಳಲೇ ಇಲ್ಲ. ಆ ವರ್ಷವೇ ಸಾಂಗಲಿಯ ಸಾರಿಗೆ ಕಚೇರಿಗೆ ಹೋಗಿ ಕಾರಿನ ನೋಂದಣಿಯನ್ನು ರದ್ದು ಮಾಡಿಸಿದೆವು. ಇನ್ನು ಅದು ಓಡುವುದಾದರೆ ರೇಸಿನ ಮೈದಾನದಲ್ಲಿ ಮಾತ್ರ, ಅಲ್ಲಿಗೆ ಹೋಗುವುದು ಲಾರಿಯ ಮೇಲೆ ಮಾತ್ರ.

ಎಂಜಿನ್ ಬಿಚ್ಚಿದಾಗ ಮೂರನೆಯ ಪಿಸ್ಟನ್ನಿನ ತಲೆಯಲ್ಲಿ ಅಡಿಕೆ ಹೋಗುವಷ್ಟು ತೂತು ಬಿದ್ದಿತ್ತು. ಅಂಚು ಕರಗಿದ ಮೇಣದ ಹಾಗೆ. ಹಿರಿಯಣ್ಣ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು. "ತಮ್ಮಾ, ಇದಕ್ಕ ಎಷ್ಟ ಎಣ್ಣಿ ಬೇಕಾಗಿತ್ತು, ನೀ ಎಷ್ಟ ಕೊಟ್ಟಿ?"

ಹುಡುಗನ ಹತ್ತಿರ ಉತ್ತರವಿರಲಿಲ್ಲ. ಅಷ್ಟು ದಿನ ಅವನ ಬಾಯಲ್ಲಿ ಟರ್ಬೊ, ಬೂಸ್ಟು, ಕ್ಯಾಮು ಎಲ್ಲ ಬಂದಿತ್ತು. ಈ ಒಂದು ಲೆಕ್ಕ ಬಂದಿರಲಿಲ್ಲ. ಚೀಲಕ್ಕೆ ಎಷ್ಟು ಕಿಲೊ ಹಿಡಿಯುತ್ತದೆಂದು ತಿಳಿಯದೆ ಸುಗ್ಗಿಯಲ್ಲಿ ಖರೀದಿಗೆ ಇಳಿದವನ ಹಾಗೆ.

ಇದಾದ ಮೇಲೆ ನೆಟ್ಟಗೆ ಲೆಕ್ಕಕ್ಕೆ ಕುಳಿತೆವೆಂದು ವಾಚಕರು ತಿಳಿದಿದ್ದರೆ ಅದೂ ಇಲ್ಲ. ಇನ್ನೊಂದು ತಪ್ಪು ಬಾಕಿಯಿತ್ತು, ಅದರಲ್ಲಿ ನಮ್ಮ ಪಾಲೇ ಹೆಚ್ಚು. 2023ರಲ್ಲಿ ಎಂಜಿನ್ ಮರಳಿ ಕಟ್ಟಿಸಿ, ಹೊರಗಿನಿಂದ ಲೆಕ್ಕ ತುಂಬಬಹುದಾದ ಹೊಸ ಕಂಪ್ಯೂಟರು ಪೆಟ್ಟಿಗೆ ಕೂಡಿಸಿದ ಮೇಲೆ ದೊಡ್ಡ ಊರಿನ ಒಬ್ಬ ಸಾಮಾನಿನ ವ್ಯಾಪಾರಿ, ಮಿನಿಟಿಗೆ 550 ಸಿ.ಸಿ. ಹರಿಸುವ ನಾಲ್ಕು ಹಳೆಯ ಇಂಜೆಕ್ಟರುಗಳನ್ನು ತೋರಿಸಿದ. "ದೊಡ್ಡದು ಹಾಕಿಸಿಬಿಡಿ, ಮುಂದೆ ಚಿಂತೆಯೇ ಇರುವುದಿಲ್ಲ" ಎಂದ. ಹುಡುಗ ಅನುಮಾನಿಸಿದ. ನಾವೇ, "ಸಣ್ಣದರಿಂದ ಕೆಟ್ಟದ್ದಲ್ಲವೇ, ದೊಡ್ಡದಾದರೆ ತಪ್ಪೇನು? ಚೀಲ ದೊಡ್ಡದಿದ್ದರೆ ಅರ್ಧ ತುಂಬಿದರಾಯಿತು" ಎಂದು ಕೊಡಿಸಿದೆವು. ದರವೂ ಸೋವಿಯಾಗಿತ್ತು.

ಸೋವಿಯಾಗಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದುಕೊಳ್ಳುವ ಒಂದು ಸಣ್ಣ ಬಾಗಿಲು. ಅದರೊಳಗಿನ ತಂತಿಸುರುಳಿಯಲ್ಲಿ ಎರಡು ಜಾತಿ: 12ರಿಂದ 16 ಓಮ್ ಇರುವುದು ಒಂದು, 2-3 ಓಮ್ ಇರುವುದು ಇನ್ನೊಂದು. ನಮ್ಮ ಕಂಪ್ಯೂಟರು ಪೆಟ್ಟಿಗೆ ಮೊದಲ ಜಾತಿಗೆ ಮಾಡಿದ್ದು, ಕೊಂಡು ತಂದದ್ದು ಎರಡನೆಯ ಜಾತಿ. ಓಮ್ ಕಡಿಮೆಯಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ. ಪೆಟ್ಟಿಗೆಯೊಳಗಿನ ಒಂದು ಭಾಗ ಸುಟ್ಟು ವಾಸನೆ ಬಂತು. ಅದನ್ನು ದುರಸ್ತಿ ಮಾಡಿಸಿ, ತಂತಿಯ ನಡುವೆ ರೆಸಿಸ್ಟರ್ ಹಾಕಿಸಿ ಮತ್ತೆ ಚಾಲೂ ಮಾಡಿದರೆ ಎಂಜಿನ್ ನಿಂತಲ್ಲಿ ನಿಲ್ಲದು. ಗಡಗಡ ನಡುಗುತ್ತದೆ, ಆರಿಹೋಗುತ್ತದೆ, ಪ್ಲಗ್ಗುಗಳೆಲ್ಲ ಕಾಡಿಗೆ ಬಳಿದಂತೆ ಕಪ್ಪು. ಹತ್ತು ದಿನ ಗೋದಾಮಿನಲ್ಲಿ ಹೀಗೆ ಹೊತ್ತಿಸಿ ಆರಿಸಿ ಮಾಡಿದ ಮೇಲೆ ಕಿರಿಯವರು ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ಮೂಸಿದರೆ ಪೆಟ್ರೋಲು. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದಿತ್ತು. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಬೇರಿಂಗುಗಳಿಗೂ ಕುತ್ತು ಬರುತ್ತಿತ್ತು.

ಲಾರಿ ಇಟ್ಟ ನಮ್ಮ ಅನೇಕ ವಾಚಕರಿಗೆ ಇದರ ಅಣ್ಣನಂಥ ರೋಗ ಗೊತ್ತೇ ಇರುತ್ತದೆ. "ಪಂಪು ಏರಿಸಿ ಕೊಡತೀನಿ, ಘಾಟಿನ್ಯಾಗ ಓಡತೈತಿ" ಎನ್ನುವ ಮಿಸ್ತ್ರಿಗಳು ಎಲ್ಲ ಊರಲ್ಲೂ ಇದ್ದಾರೆ. ಡೀಸೆಲ್ಲಿನಲ್ಲಿ ಅದು ಕರಿ ಹೊಗೆಯಾಗಿ ಕಣ್ಣಿಗೆ ಕಾಣುತ್ತದೆ. ಪೆಟ್ರೋಲಿನಲ್ಲಿ ಒಳಗೊಳಗೇ ಕೆಡಿಸುತ್ತದೆ.

ಆ ವರ್ಷದ ದೀಪಾವಳಿಯಂದು ಬೆಳಗಿನ ನಿರ್ವಾಣ ಪೂಜೆ ಮುಗಿದು, ಅಂಗಡಿಯ ಹೊಸ ಪುಸ್ತಕಗಳ ಪೂಜೆಯೂ ಆಯಿತು. ಹಳೆಯ ಕಿರ್ದಿಯಲ್ಲಿ ಕೊನೆಯ ನಾಲ್ಕು ಪುಟ ಖಾಲಿ ಉಳಿದಿದ್ದವು. ಹಿರಿಯಣ್ಣ ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಇಲ್ಲಿ ಬರಿ. ಮೊದಲ ಬೇಕಾದ್ದು, ಆಮ್ಯಾಲ ಕೊಡೂದು" ಎಂದರು. ಆ ನಾಲ್ಕು ಪುಟಗಳನ್ನು ನಾವು ಈಗಲೂ ಇಟ್ಟಿದ್ದೇವೆ. ಅದರ ಸಾರ ಇಷ್ಟು.

ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ನಡೆಸಲು ಸಾದಾ ಪೆಟ್ರೋಲ್ ಎಂಜಿನ್ನಿಗೆ ಸುಮಾರು ಅರ್ಧ ಪೌಂಡು ಪೆಟ್ರೋಲು ಬೇಕು. ಅಂದರೆ 227 ಗ್ರಾಂ. ಟರ್ಬೊ ಎಂಜಿನ್ನಿಗೆ ತಂಪಿಗೆಂದು ಧಾರಾಳ ಕೊಡಬೇಕಾದ್ದರಿಂದ 0.6 ಪೌಂಡು ಹಿಡಿಯಬೇಕು. ಗಂಟೆಗೆ ಒಂದು ಪೌಂಡು ಎಂದರೆ ಮಿನಿಟಿಗೆ ಹತ್ತೂವರೆ ಸಿ.ಸಿ. ಆದ್ದರಿಂದ ಸಾದಾ ಎಂಜಿನ್ನಿನಲ್ಲಿ ಒಂದು ಅಶ್ವಶಕ್ತಿಗೆ ಮಿನಿಟಿಗೆ 5.25 ಸಿ.ಸಿ., ಟರ್ಬೊದಲ್ಲಿ 6.3 ಸಿ.ಸಿ.

ಮೊದಲು ತಂದೆಯವರ ಕಾಲದ ಲೆಕ್ಕ. 85 ಅಶ್ವಶಕ್ತಿಗೆ 446 ಸಿ.ಸಿ.; ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 112 ಸಿ.ಸಿ. ಆದರೆ ಇಂಜೆಕ್ಟರು ಎಡೆಬಿಡದೆ ತೆರೆದೇ ಇರುವಂತಿಲ್ಲ. ನೂರರಲ್ಲಿ 80 ಪಾಲು ತೆರೆದಿದ್ದರೆ ಸಾಕೆಂದು ಹಿಡಿಯಬೇಕು, ಉಳಿದ 20 ಪಾಲು ಕೈಗಾವಲು. 6000 ಸುತ್ತಿನಲ್ಲಿ ಎಂಜಿನ್ನಿಗೆ ಒಂದು ಪೂರ್ತಿ ಆವರ್ತನಕ್ಕೆ, ಅಂದರೆ ಎರಡು ಸುತ್ತಿಗೆ, ಸಿಗುವ ಸಮಯ 20 ಮಿಲಿಸೆಕೆಂಡು. ಅದರಲ್ಲಿ 16 ಮಾತ್ರ ಬಳಸಬೇಕು. ಹಾಗೆ 112ನ್ನು 0.8ರಿಂದ ಭಾಗಿಸಿದರೆ 140 ಸಿ.ಸಿ. ಕಂಪನಿಯವರು ಸ್ವಲ್ಪ ಹೆಚ್ಚೇ ಕೊಟ್ಟಿರುತ್ತಾರೆ. ನಮ್ಮ ಹಳೆಯವನ್ನು ಆಮೇಲೆ ಅಳೆಸಿದಾಗ 160ರ ಆಸುಪಾಸು ಬಂದವು.

ಟರ್ಬೊ ಹಾಕಿದ ದಿನ ಹುಡುಗ ಎಂಜಿನ್ನಿನಿಂದ 120 ಅಶ್ವಶಕ್ತಿಯಾದರೂ ಕೇಳಿದ್ದ. 120ಕ್ಕೆ 6.3ರಂತೆ 756 ಸಿ.ಸಿ., ತಲಾ 189. ಹಳೆಯ ಇಂಜೆಕ್ಟರು ಕ್ಷಣವೂ ಮುಚ್ಚದೆ ಹರಿಸಿದರೂ ಕೊಡುವುದು 160. ಈ ಎರಡು ಅಂಕೆ ಒಂದರ ಕೆಳಗೊಂದು ಬರೆದ ಮೇಲೆ ಹಿರಿಯಣ್ಣ ಪೆನ್ನು ಕೆಳಗಿಟ್ಟರು. ಹುಡುಗ ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದ. ಕಿರಿಯವರು ಎದ್ದು ಹೊರಗೆ ಹೋದರು.

ಒಬ್ಬ ಮಿಸ್ತ್ರಿ ಆಗ ಹೇಳಿದ್ದ ಉಪಾಯವನ್ನೂ ಲೆಕ್ಕಕ್ಕೆ ಹಚ್ಚಿ ನೋಡಿದೆವು. ಹಳೆಯ ಇಂಜೆಕ್ಟರನ್ನೇ ಇಟ್ಟುಕೊಂಡು ಪೆಟ್ರೋಲಿನ ಒತ್ತಡವನ್ನು 3 ಬಾರಿನಿಂದ 4 ಬಾರಿಗೆ ಏರಿಸುವುದು ಅದು. ಒತ್ತಡ ಮೂರರಲ್ಲೊಂದು ಪಾಲು ಏರಿದರೂ ಹರಿವು ಅಷ್ಟು ಏರುವುದಿಲ್ಲ. ವರ್ಗಮೂಲದ ಹಾಗೆ ಏರುತ್ತದೆ. 100ಕ್ಕೆ 15 ಮಾತ್ರ. 160 ಹೋಗಿ 184 ಆದೀತು. 189ಕ್ಕೆ ಅದೂ ಸಾಲದು, ಮೇಲಾಗಿ ಒತ್ತಡ ಏರಿದಷ್ಟೂ ಪಂಪಿನ ಶಕ್ತಿ ಕುಂದುತ್ತದೆ.

ಇನ್ನು ಬೇಕಾದದ್ದು ಎಷ್ಟು? "ಮೊದಲ ಆಶಾಕ್ಕ ಒಂದ ಗೆರಿ ಹಾಕು" ಎಂದರು ಹಿರಿಯಣ್ಣ. ಪರಿಗ್ರಹ ಪರಿಮಾಣದ ಮಾತು ನಮ್ಮ ಮನೆಯಲ್ಲಿ ಹೊಸದಲ್ಲ. ತಂದೆಯವರು ಹೊಲ, ಬಂಗಾರ, ನಗದು ಮೂರಕ್ಕೂ ಮಿತಿ ಬರೆದಿಟ್ಟವರು. ಹುಡುಗ 180 ಎಂದ, ಹಿರಿಯಣ್ಣ 100 ಎಂದರು, ಅಡತಿಯಲ್ಲಿ ಆಗುವಂತೆ ನಡುವೆ ಎಲ್ಲೋ ಬಂದು 130ಕ್ಕೆ ನಿಂತಿತು. 130ಕ್ಕೆ 819 ಸಿ.ಸಿ., ತಲಾ 205, 80 ಪಾಲಿನ ಲೆಕ್ಕಕ್ಕೆ 256 ಸಿ.ಸಿ.

ಅಲ್ಲಿಗೇ ಮುಗಿಯಿತೆಂದು ಹುಡುಗ ಗೆರೆ ಎಳೆದಾಗ ನಡುವಿನವರು ತಡೆದರು. ಖರೀದಿಗೆ ತಿರುಗುವವರಾದ್ದರಿಂದ ಅವರಿಗೆ ಸಾಂಗಲಿ-ಕೊಲ್ಲಾಪುರ ಕಡೆಯ ಸಕ್ಕರೆ ಕಾರಖಾನೆಗಳ ಸುದ್ದಿ ಗೊತ್ತು. ಕಬ್ಬಿನಿಂದ ತೆಗೆದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಆ 2023ರಲ್ಲೇ ಕೆಲವು ಪಂಪುಗಳಿಗೆ 100ಕ್ಕೆ 20 ಪಾಲಿನದು ಬರತೊಡಗಿತ್ತು. ಎಥೆನಾಲಿಗೆ ಗಾಳಿ ಕಡಿಮೆ ಸಾಕು, 9 ತೂಕಕ್ಕೆ 1. ಎಂದರೆ ಅದೇ ಗಾಳಿಗೆ ಎಥೆನಾಲು ಹೆಚ್ಚು ಸುರಿಯಬೇಕು. 20 ಪಾಲು ಬೆರೆತ ಪೆಟ್ರೋಲಿಗೆ ಈ ಪ್ರಮಾಣ ಸುಮಾರು 13.5ಕ್ಕೆ 1. ಶುದ್ಧ ಪೆಟ್ರೋಲಿಗಿಂತ 100ಕ್ಕೆ 9ರಷ್ಟು ಹೆಚ್ಚು ಬೇಕಾಯಿತು. 256 ಹೋಗಿ 279 ಆಯಿತು. ಪೇಟೆಯಲ್ಲಿ ಸಿಗುವ ಅಳತೆಯಲ್ಲಿ ಅದರ ಮೇಲಿನದು 300.

ಹಾಗಾದರೆ 550 ಏಕೆ ಬೇಡ ಎಂಬುದಕ್ಕೂ ಅಂಕೆ ಬೇಕೆಂದು ಕಿರಿಯವರು ಹಟ ಹಿಡಿದರು. ಆ ನಾಲ್ಕನ್ನು ಕೊಡಿಸಿದವರು ಅವರೇ. ನಿಂತಲ್ಲಿ ಸುಮ್ಮನೆ ಉರಿಯುವಾಗ ಇಂಥ ಎಂಜಿನ್ನಿಗೆ ಗಂಟೆಗೆ 0.8 ಲೀಟರ್ ಹಿಡಿಯೋಣ. ತಲಾ ಒಂದು ಸಿಲಿಂಡರಿಗೆ ಮಿನಿಟಿಗೆ 3.3 ಸಿ.ಸಿ. 850 ಸುತ್ತಿನಲ್ಲಿ ಮಿನಿಟಿಗೆ 425 ಸಲ ಚಿಮ್ಮಬೇಕು. ಹಾಗಾದರೆ ಒಂದು ಸಲಕ್ಕೆ ಬೀಳುವುದು 0.008 ಸಿ.ಸಿ.ಗಿಂತ ಸ್ವಲ್ಪ ಕಡಿಮೆ, ಒಂದು ಹನಿಯ ಆರನೆಯ ಒಂದು ಪಾಲು! ಅಷ್ಟನ್ನು ಬಿಡಲು 160ರ ಇಂಜೆಕ್ಟರು ಸುಮಾರು 3 ಮಿಲಿಸೆಕೆಂಡು ತೆರೆದಿದ್ದರಾಯಿತು, 300ರದ್ದಕ್ಕೆ ಒಂದೂವರೆ, 550ರದ್ದಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಕರೆಂಟು ಕೊಟ್ಟ ಮೇಲೆ ಆ ಬಾಗಿಲು ತೆರೆದುಕೊಳ್ಳಲಿಕ್ಕೇ ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತದೆ, ಬ್ಯಾಟರಿ ಇಳಿದಿದ್ದರೆ ಇನ್ನೂ ತಡ. ತೆರೆಯುವುದರೊಳಗೇ ಮುಚ್ಚಬೇಕಾದ ಬಾಗಿಲಿನಿಂದ ಪ್ರತಿ ಸಲವೂ ಒಂದೇ ಅಳತೆ ಬೀಳುವುದೆಂತು? ಕ್ವಿಂಟಲ್ ತಕ್ಕಡಿಯಲ್ಲಿ ಕೇಸರಿ ತೂಗಿದ ಹಾಗೆ. ಅರ್ಧ ತುಂಬಿದ ಚೀಲದ ನಮ್ಮ ಮಾತು ಅಲ್ಲಿ ಬಿದ್ದುಹೋಯಿತು.

ಮುಂದಿನ ಕೆಲಸ ಬೇಗ ಸಾಗಿತು. 300ರ ನಾಲ್ಕು ಇಂಜೆಕ್ಟರು, ಈ ಸಲ ಓಮ್ ಕೇಳಿ ತಂದದ್ದು. ಕೊಲ್ಲಾಪುರದ ಒಂದು ವರ್ಕ್‌ಶಾಪಿನಲ್ಲಿ ಅವನ್ನು ಬೆಂಚಿನ ಮೇಲೆ ಅಳೆಸಿದೆವು. ನಾಲ್ಕೂ ಸಾಲಾಗಿ ನಿಲ್ಲುತ್ತವೆ, ಕೆಳಗೆ ನಾಲ್ಕು ಗಾಜಿನ ನಳಿಕೆ, ಮೇಲಿನಿಂದ 3 ಬಾರ್ ಒತ್ತಡದಲ್ಲಿ ಪರೀಕ್ಷೆಯ ದ್ರವ. ಮಂಜಿನ ಹಾಗೆ ಚಿಮ್ಮಿ ಗಾಜಿನಲ್ಲಿ ಏರುವುದನ್ನು ನೋಡುತ್ತ ಮೂವರೂ ನಿಂತುಬಿಟ್ಟೆವು. ಅಳತೆಯ ಕೆಲಸ ಯಾವುದಿದ್ದರೂ ನಮಗೆ ಕಣ್ಣು ಕೀಳಲಾಗುವುದಿಲ್ಲ. ಮೂರು 298ರಿಂದ 303ರೊಳಗೆ ಬಂದವು. ಒಂದು 281. ತೊಳೆಸಿ ನೋಡಿದರೆ 286. ಆ ಒಂದು ಸಿಲಿಂಡರು ಮಾತ್ರ ಉಳಿದವುಗಳಿಗಿಂತ ಹಸಿದಿರುತ್ತದೆ, ಕಂಪ್ಯೂಟರಿಗೆ ಅದು ಕಾಣುವುದಿಲ್ಲ, ಏಕೆಂದರೆ ಹೊಗೆಯ ಸೆನ್ಸರು ನಾಲ್ಕರದ್ದನ್ನೂ ಕೂಡಿಸಿ ಓದುತ್ತದೆ. ಹಿರಿಯಣ್ಣ ಮಾತಾಡದೆ ಅದನ್ನು ಬಿಚ್ಚಿಸಿ ಕಿಸೆಗೆ ಹಾಕಿಕೊಂಡರು. ಬದಲಿ ಬರಲು ಐದು ವಾರ ಹಿಡಿಯಿತು.

2024ರ ಫೆಬ್ರವರಿಯಲ್ಲಿ ಕಾರು ಕೊಯಮತ್ತೂರಿಗೆ ಹೊರಟಿತು. ಅಲ್ಲಿ ಎಂಜಿನ್ನಿನ ಬಲ ಅಳೆಯುವ ಡೈನೊ ಇದೆ, ಊರ ಹೊರಗೆ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸಿನ ಮೈದಾನವೂ ಇದೆ. ಬೆಳಿಗ್ಗೆ ಲಾರಿಗೆ ಕಾರು ಏರಿಸುವಾಗ ಅವ್ವ ಬಾಗಿಲಿಗೆ ಬಂದು ನಿಂತಳು.

"ಗಾಲಿ ರಸ್ತೇಕ ತಾಗತಾವೇನು?"

"ಇಲ್ಲ ಆಯೀ, ಲಾರಿ ಮ್ಯಾಲ ಹೊಂಟೈತಿ."

"ಅಲ್ಲಿ?"

"ಅಲ್ಲಿ ರಸ್ತೆ ಅಲ್ಲ, ಮೈದಾನ. ಎದರಿಂದ ಯಾರೂ ಬರೂದಿಲ್ಲ."

ಸ್ವಲ್ಪ ಯೋಚಿಸಿ, "ಹಂಗಾದರ ಉಣತೀನಿ" ಎಂದು ಒಳಗೆ ಹೋದಳು.

ಡೈನೊ ಮೇಲೆ ಮೊದಲ ಓಟದಲ್ಲೇ ಹುಡುಗ ಕಾಲು ತೆಗೆದ. ಬೂಸ್ಟು ಏರಿದ ಕೂಡಲೇ ಪೆಟ್ರೋಲು ಕಡಿಮೆ ಬೀಳುತ್ತಿದೆಯೆಂದು ಮೀಟರು ತೋರಿಸುತ್ತಿತ್ತು. ನಮಗೆ ಎದೆ ಧಸಕ್ಕೆಂದಿತು, ಲೆಕ್ಕವೇ ತಪ್ಪಿತೋ ಏನೋ ಎಂದು. ಲೆಕ್ಕ ಸರಿಯಿತ್ತು. ಇಂಜೆಕ್ಟರಿನ ಮೂತಿ ಇರುವುದು ಟರ್ಬೊ ಗಾಳಿ ತುಂಬಿದ ಕೊಳವೆಯೊಳಗೆ. ಆ ಗಾಳಿ ಅರ್ಧ ಬಾರಿನಷ್ಟು ಎದುರಿಗೆ ಒತ್ತಿದರೆ 3 ಬಾರಿನ ಪೆಟ್ರೋಲು ನಿಜವಾಗಿ ಎರಡೂವರೆಯಾಗುತ್ತದೆ, ಹರಿವು 100ಕ್ಕೆ 9ರಷ್ಟು ಇಳಿಯುತ್ತದೆ. ಹೀಗಾಗದಿರಲೆಂದು ಒತ್ತಡದ ರೆಗ್ಯುಲೇಟರಿಗೆ ಒಂದು ಬೆರಳುದ್ದದ ರಬ್ಬರು ನಳಿಕೆ ಕೂಡಿಸಿರುತ್ತಾರೆ. ಗಾಳಿಯ ಒತ್ತಡ ಏರಿದಷ್ಟು ಪೆಟ್ರೋಲಿನದೂ ಏರುತ್ತದೆ. ಲಾರಿಯ ಕುಲುಕಾಟಕ್ಕೋ ಏನೋ ಅದು ಕಳಚಿ ಬಿದ್ದಿತ್ತು. ಸಿಕ್ಕಿಸಿ, ಕ್ಲಿಪ್ಪು ಬಿಗಿದ ಮೇಲೆ ಎಲ್ಲ ಸರಿಯಾಯಿತು. ಆದರೆ ನಾವು ಬರೆಯಬೇಕೆಂದಿದ್ದು ನಳಿಕೆಯ ವಿಷಯವಲ್ಲ. 2022ರಲ್ಲಿ ಕಟಕಟ ಸದ್ದು ಕೇಳಿಯೂ ಒತ್ತಿದ್ದ ಅದೇ ಹುಡುಗ ಈಗ ಮೀಟರು ಒಂದು ಗೆರೆ ಸರಿದದ್ದಕ್ಕೆ ಕಾಲು ತೆಗೆದಿದ್ದ. ನಾವು ಕಾಚಿನ ಆಚೆ ನಿಂತು ಅದನ್ನು ನೋಡಿದೆವು.

ಸಂಜೆಗೆ ಚಕ್ರದ ಬಳಿ 107 ಅಶ್ವಶಕ್ತಿ ಬಂತು. ಎಂಜಿನ್ನಿನ ಬಳಿ ಅಂದಾಜು 125. ಇಂಜೆಕ್ಟರು ತೆರೆದಿದ್ದದ್ದು 100ರಲ್ಲಿ 68 ಪಾಲು. ಮರುದಿನ ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡು ಹನ್ನೊಂದು ಸುತ್ತು ಹೊಡೆದ. ಕಿರಿಯವರು ಕಾರಿನಲ್ಲಿ ಕೂರಲು ಒಪ್ಪಲಿಲ್ಲ.

ಇಷ್ಟೆಲ್ಲ ಏಕೆ, ಇದು ಅನರ್ಥದಂಡವಲ್ಲವೇ ಎಂದು ಕೆಲವು ವಾಚಕರು ಕೇಳಿಯಾರು. ಪ್ರಯೋಜನವಿಲ್ಲದೆ ಬೆಂಕಿ ಉರಿಸುವುದು, ಜೀವಕ್ಕೆ ಅಪಾಯ ತರುವುದು ಶ್ರಾವಕನಿಗೆ ಸಲ್ಲದ್ದೆಂದು ನಾವೂ ಕೇಳಿ ಬೆಳೆದವರೇ. ಹಿರಿಯಣ್ಣ ಈಗಲೂ ಹೌದೆನ್ನುತ್ತಾರೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮೈದಾನಕ್ಕೆ ಹೋಗಕೂಡದೆಂದು ಮಿತಿ ಹಾಕಿದ್ದಾರೆ, ಚಾತುರ್ಮಾಸದಲ್ಲಂತೂ ಇಲ್ಲವೇ ಇಲ್ಲ. ಕಿರಿಯವರು, ಹುಡುಗ ಕೆಲಸ ಕಲಿತನಲ್ಲ, ಅದು ಪ್ರಯೋಜನವಲ್ಲವೇ ಎನ್ನುತ್ತಾರೆ. ನಡುವಿನವರು ಮಗನ ವಿಷಯವಾದ್ದರಿಂದ ಸುಮ್ಮನಿರುತ್ತಾರೆ. ಈ ಒಂದು ಬಾಬತ್ತಿನಲ್ಲಿ 'ನಾವು' ಎಂದು ಬರೆಯಲು ನಮಗೆ ಅಧಿಕಾರವಿಲ್ಲ.

ಸೊಲ್ಲಾಪುರದ ಬೀಗರಿಗೆ ನಾವು ಹೇಳುವುದು ಇಷ್ಟೇ. ನಿಮ್ಮ ಮಗನ ಕಾರು ರಸ್ತೆಯ ಮೇಲೆ ಓಡುವುದಾದರೆ ಕೈ ಹಚ್ಚಲೇಬೇಡಿ, ಕಾಯದೆಯೂ ಬೇಡವೆನ್ನುತ್ತದೆ. ಈಗಿನ ಅನೇಕ ಟರ್ಬೊ ಕಾರುಗಳಲ್ಲಿ ನೇರ ಸಿಲಿಂಡರಿನೊಳಗೇ ಪೆಟ್ರೋಲು ಚಿಮ್ಮಿಸುತ್ತಾರೆ, ಅಲ್ಲಿ ಒತ್ತಡ ನೂರಾರು ಬಾರ್. ನಮ್ಮ ಈ ಲೆಕ್ಕವೂ ಅಲ್ಲಿ ಹಾಗೇ ನಡೆಯುವುದಿಲ್ಲ. ಮೈದಾನದ ಗಾಡಿಯೇ ಆದರೆ, ಸಾಮಾನು ಕೊಳ್ಳುವ ಮೊದಲು ಅವನ ಕೈಯಿಂದ ಒಂದು ಪುಟ ಬರೆಸಿರಿ: ಎಷ್ಟು ಅಶ್ವಶಕ್ತಿ, ಎಷ್ಟು ಪೆಟ್ರೋಲು, ನೂರಕ್ಕೆ ಎಷ್ಟು ಪಾಲು ತೆರೆಯುವುದು, ನಿಂತಲ್ಲಿ ಎಷ್ಟು ಮಿಲಿಸೆಕೆಂಡು, ಓಮ್ ಎಷ್ಟು. ಬರೆಯಲು ಬಾರದಿದ್ದರೆ ಹಣ ಕೊಡಬೇಡಿ. ಪುಟವನ್ನು ಇಲ್ಲಿಗೆ ಕಳಿಸಿದರೆ ನಮ್ಮ ಹುಡುಗ ತಿದ್ದಿ ಕಳಿಸುತ್ತಾನೆ.

2025ರ ಹೊತ್ತಿಗೆ 20 ಪಾಲು ಎಥೆನಾಲಿನ ಪೆಟ್ರೋಲು ನಮ್ಮ ಕಡೆಯ ಪಂಪುಗಳಲ್ಲೂ ಮಾಮೂಲಾಯಿತು. ಕಾರಿನ ಹಳೆಯ ರಬ್ಬರು ಪೈಪುಗಳನ್ನೆಲ್ಲ ಬದಲಿಸಿ, ಹುಡುಗ ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಿದ. 68 ಇದ್ದದ್ದು 71ಕ್ಕೆ ಬಂತು, ಇನ್ನೂ 80ಕ್ಕೆ 9 ಬಾಕಿ. ಅದನ್ನು ಅವನೇ ಕಿರ್ದಿಯ ಆ ನಾಲ್ಕನೆಯ ಪುಟದ ಕೆಳಗೆ ತಾರೀಖು ಹಾಕಿ ಬರೆದ. ಪಕ್ಕದಲ್ಲಿ ಹಿರಿಯಣ್ಣನ ಸಹಿಯಿದೆ. 550ರ ನಾಲ್ಕು ಇಂಜೆಕ್ಟರು ಮಾತ್ರ ಈಗಲೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿವೆ. ಇಬ್ಬರು ಮೂವರು ಬಂದು ದರ ಕೇಳಿದ್ದಾರೆ. ಎಂಥ ಎಂಜಿನ್ನಿಗೆ ಎಂದು ಕೇಳಿ, ಲೆಕ್ಕ ತೋರಿಸಿ, ಚಹಾ ಕುಡಿಸಿ ಕಳಿಸಿದೆವು.